ದೇವಗಿರಿಯ ದಾರಿಯಲ್ಲಿ ಕನ್ನಡದ ಪ್ರವಾಸಿ

ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿಗೆ ಗೋದಾವರಿಯು ನೀರಾಗಿ ಪರಿಚಯವಾಗುವ ಮೊದಲೇ ಗಡಿಯಾಗಿ ಪರಿಚಯವಾಗಿರುತ್ತದೆ. ಕ್ರಿ.ಶ. ೮೫೦ರ ಸುಮಾರಿನ ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಗಳನ್ನು ಹೇಳುವಾಗ ತೆಂಕಣಕ್ಕೆ ಕಾವೇರಿಯನ್ನೂ ಬಡಗಣಕ್ಕೆ ಗೋದಾವರಿಯನ್ನೂ ಹೆಸರಿಸಿತು. ಆ ಪದ್ಯವನ್ನು ಬಾಯಿಪಾಠ ಮಾಡದೆ ಕನ್ನಡದ ಪದವಿ ಪಡೆದವರು ವಿರಳ. ಕಾವೇರಿಯನ್ನು ಆ ವಿದ್ಯಾರ್ಥಿ ಕಂಡಿರುತ್ತಾನೆ. ಶ್ರೀರಂಗಪಟ್ಟಣದಲ್ಲಿಯೋ ತಲಕಾಡಿನಲ್ಲಿಯೋ ಅದರಲ್ಲಿ ಮಿಂದೂ ಇರುತ್ತಾನೆ. ಗೋದಾವರಿಯಾದರೋ ಪದ್ಯದೊಳಗೇ ಉಳಿದ ನದಿ. ಅದನ್ನು ಒಮ್ಮೆ ಕಣ್ಣಾರೆ ಕಂಡು ಬರಬೇಕೆಂಬ ಆಸೆ ಅವನಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಹಾಗೆ ಹೊರಟ ಪ್ರವಾಸಿಯು ನದಿಯ ಜೊತೆಗೆ ಕೋಟೆಗಳನ್ನೂ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಹರಿಯುವ ನೀರಿನ ಮೇಲೆ ಯಾವ ಅರಸನ ಗುರುತೂ ನಿಲ್ಲುವುದಿಲ್ಲ. ಆಳಿದವರ ಕುರುಹು ಬೇಕಾದರೆ ದಂಡೆಯ ಕಲ್ಲನ್ನೇ ಕೇಳಬೇಕು ಎಂಬುದು ಅವನ ಎಣಿಕೆ. ನಾಸಿಕದಿಂದ ಛತ್ರಪತಿ ಸಂಭಾಜಿನಗರದವರೆಗೆ (೨೦೨೩ರವರೆಗೆ ಅದು ಔರಂಗಾಬಾದ್) ಗೋದಾವರಿಯ ಮೇಲಣ ಕಣಿವೆಯಲ್ಲಿ ಅಂಥ ಕಲ್ಲಿಗೆ ಕೊರತೆಯಿಲ್ಲ.

ಆದರೆ ಈ ಪ್ರವಾಸಕ್ಕೆ ಹೊರಡುವವನ ಚೀಲದಲ್ಲಿ ಬಟ್ಟೆಬರೆಯ ಜೊತೆಗೆ ಇನ್ನೊಂದು ಭಾರವೂ ಇರುತ್ತದೆ. ೧೯೫೬ರ ನವೆಂಬರ್ ೧ರಂದು ರಾಜ್ಯಗಳು ಭಾಷೆಯ ಆಧಾರದ ಮೇಲೆ ವಿಂಗಡಣೆಯಾದವು. ಗಡಿಯ ತಂಟೆ ಮಾತ್ರ ಮುಗಿಯಲಿಲ್ಲ. ೧೯೬೭ರಲ್ಲಿ ಮಹಾಜನ ಆಯೋಗವು ವರದಿ ಕೊಟ್ಟ ಮೇಲೂ ಮುಗಿಯಲಿಲ್ಲ; ೨೦೦೪ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇದರ ಪರಿಣಾಮವಾಗಿ ಎರಡೂ ಕಡೆಯ ವಿದ್ವಾಂಸರಲ್ಲಿ ಒಂದು ಚಾಳಿ ಬೆಳೆದಿದೆ. ಹಳೆಯ ಶಾಸನವೊಂದು ಸಿಕ್ಕಿತೆಂದರೆ ಅದು ಏನು ಹೇಳುತ್ತದೆ ಎಂದು ಓದುವುದಕ್ಕೆ ಮೊದಲು ಯಾರ ಪರ ಸಾಕ್ಷಿ ನುಡಿಯುತ್ತದೆ ಎಂದು ನೋಡುವ ಚಾಳಿ ಅದು. ಈ ವಿಷಯದಲ್ಲಿ ಶಂ.ಬಾ. ಜೋಶಿಯವರ ದಾರಿ ಬೇರೆಯಾಗಿತ್ತು. ಮಹಾರಾಷ್ಟ್ರದ ಸಂಸ್ಕೃತಿಯ ತಳದಲ್ಲಿ ಕನ್ನಡದ ಪದರವಿದೆ ಎಂಬ ತಮ್ಮ ವಿಚಾರವನ್ನು ಅವರು ೧೯೫೨ರಲ್ಲಿ ಮರಾಠಿಯಲ್ಲಿಯೇ ಪುಸ್ತಕವಾಗಿ ಬರೆದರು. ಯಾರ ಕುರಿತು ಹೇಳುತ್ತಿದ್ದರೋ ಅವರೇ ಓದಲಿ, ಒಪ್ಪಲಿ, ಇಲ್ಲವೆ ಖಂಡಿಸಲಿ ಎಂಬ ಧೈರ್ಯ ಅದರಲ್ಲಿತ್ತು. ಇನ್ನೊಂದು ಸಂಗತಿಯನ್ನು ಇಂದಿನ ವಿದ್ಯಾರ್ಥಿ ಮರೆತೇಬಿಟ್ಟಿದ್ದಾನೆ. ೧೯೫೬ರವರೆಗೆ ಧಾರವಾಡ, ವಿಜಾಪುರ, ಬೆಳಗಾವಿಗಳು ನಾಸಿಕದೊಂದಿಗೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು; ಕಲಬುರಗಿ, ಬೀದರ, ರಾಯಚೂರುಗಳು ಔರಂಗಾಬಾದಿನೊಂದಿಗೆ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕನ್ನಡದ ಪ್ರವಾಸಿಗೆ ಈ ಎರಡು ಊರುಗಳು ಪರದೇಶವಾದದ್ದು ಈಚೆಗೆ, ಅಜ್ಜಂದಿರ ಕಾಲದ ನಂತರ.

ನಾಸಿಕದಲ್ಲಿ ಗೋದಾವರಿಯನ್ನು ಮೊದಲ ಸಲ ಕಂಡವನಿಗೆ ತುಸು ನಿರಾಶೆಯಾಗುವುದು ಸಹಜ. ಒಟ್ಟು ೧೪೬೫ ಕಿಲೋಮೀಟರ್ ಹರಿಯುವ ಮಹಾನದಿಯು ಇಲ್ಲಿ ಇನ್ನೂ ಕೂಸು. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿ ಮೂವತ್ತು ಕಿಲೋಮೀಟರಿನ ಆಸುಪಾಸು ನಡೆದು ಬಂದಿದೆ, ಅಷ್ಟೆ. ಆ ನಡಿಗೆಯಲ್ಲಿಯೂ ಗಂಗಾಪುರದ ಅಣೆಕಟ್ಟು ಅದನ್ನು ಹಿಡಿದು ನಿಲ್ಲಿಸಿ, ಲೆಕ್ಕ ಹಾಕಿ ಬಿಡುತ್ತದೆ. ರಾಮಕುಂಡದ ಬಳಿ ಪಾವಟಿಗೆಗಳ ನಡುವೆ ನೀರು ಕೊಳದಂತೆ ನಿಂತಿರುತ್ತದೆ. ಬಲದಂಡೆಯಲ್ಲಿ ಹಳೆಯ ನಾಸಿಕ, ಎಡದಂಡೆಯಲ್ಲಿ ಪಂಚವಟಿ. ಈ ದಡದವರು ಆ ದಡದವರನ್ನು ಹೆಸರು ಹಿಡಿದು ಕೂಗಿ ಕರೆಯಬಹುದು. ಮೇರೆಯೆಂದರೆ ವಿಸ್ತಾರವಾದ ನೀರು, ಆಚೆಗೆ ಅಪರಿಚಿತ ನಾಡು ಎಂದು ಕಲ್ಪಿಸಿಕೊಂಡು ಬಂದವನ ಮುಂದೆ ಇರುವುದು ಎರಡೂ ಕಡೆ ಒಂದೇ ಊರು, ಒಂದೇ ಸಂತೆ. ತೀರ್ಥಪುರೋಹಿತರು ಕೆಂಪು ಬಟ್ಟೆಯಲ್ಲಿ ಸುತ್ತಿದ ವಹಿಗಳನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾರೆ. ತಲೆಮಾರುಗಳಿಂದ ಇಲ್ಲಿಗೆ ಅಸ್ಥಿ ತಂದವರ, ಶ್ರಾದ್ಧ ಮಾಡಿಸಿದವರ ಮನೆತನದ ಹೆಸರುಗಳು ಅವುಗಳಲ್ಲಿವೆ. ನಾಡಿನ ಮೇರೆಯನ್ನು ಕುರಿತು ಸಂಶೋಧನೆ ಮಾಡುವವರು ಶಾಸನಗಳನ್ನು ಓದುವಷ್ಟು ಶ್ರದ್ಧೆಯಿಂದ ಈ ವಹಿಗಳನ್ನು ಓದಿದ್ದರೆ ಚೆನ್ನಾಗಿತ್ತು. ದಂಡೆಯ ನಾರೋಶಂಕರ ದೇವಾಲಯವು ೧೮ನೆಯ ಶತಮಾನದ್ದು. ಪ್ರಾಕಾರವನ್ನು ಬುರುಜುಗಳೊಡನೆ ಕೋಟೆಯಂತೆಯೇ ಕಟ್ಟಿದ್ದಾರೆ. ಹೊಳೆಯ ನಡುವೆ ನಿಂತ ಎರಡು ಮುಖದ ಮಾರುತಿಯನ್ನು ಊರವರು ಪ್ರವಾಹದ ಅಳತೆಗೋಲಾಗಿ ಬಳಸುತ್ತಾರೆ. ನೀರು ಅವನ ಮೊಣಕಾಲಿಗೆ ಬಂತೇ, ಎದೆಗೆ ಬಂತೇ ಎಂಬುದರ ಮೇಲೆ ಪೇಟೆಯ ಅಂಗಡಿಗಳು ಸಾಮಾನು ಎತ್ತುವ ನಿರ್ಧಾರ ಮಾಡುತ್ತವೆ.

ಇದೇ ದಂಡೆಯಲ್ಲಿ ಒಂದು ಮಣ್ಣಿನ ದಿಬ್ಬವಿದೆ. ಅದರ ಹೆಸರು 'ಮಾತೀಚೀ ಗಢೀ'. ಮರಾಠಿಯಲ್ಲಿ 'ಮಾತೀ' ಎಂದರೆ ಮಣ್ಣು, 'ಗಢೀ' ಎಂದರೆ ಚಿಕ್ಕ ಕೋಟೆ. ಕನ್ನಡದ ಕಿವಿಗೆ ಮಾತ್ರ ಅದು 'ಮಾತಿನ ಗಡಿ' ಎಂದು ಕೇಳುತ್ತದೆ. ನುಡಿಯ ಮೇರೆಯನ್ನು ಹುಡುಕಿ ಬಂದವನಿಗೆ ಇಂಥ ಶ್ಲೇಷ ಎದುರಾದರೆ ಒಳಗೊಳಗೆ ನಗು ಬರದೆ ಇರದು. ಎಚ್.ಡಿ. ಸಾಂಕಳಿಯಾ ಮತ್ತು ಶಾಂ.ಭಾ. ದೇವ ಅವರು ೧೯೫೦–೫೧ರಲ್ಲಿ ನಾಸಿಕದಲ್ಲಿ ಉತ್ಖನನ ನಡೆಸಿದಾಗ ಈ ದಿಬ್ಬವನ್ನೇ ಅಗೆದರು. ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ವಸತಿಯ ಕುರುಹುಗಳು ಅಲ್ಲಿ ದೊರೆತವು. ಕಲ್ಲಿನ ಕೋಟೆಯು ತನ್ನನ್ನು ಕೊನೆಗೆ ಆಳಿದವನ ಹೆಸರನ್ನು ಎತ್ತಿ ಹೇಳುತ್ತದೆ. ಮಣ್ಣಿನ ಈ ಗಢಿ ಯಾರ ಹೆಸರನ್ನೂ ಹೇಳುವುದಿಲ್ಲ. ಒಡೆದ ಮಡಕೆಗಳನ್ನಷ್ಟೇ ಕೊಡುತ್ತದೆ, ಮಡಕೆಗೆ ಭಾಷೆಯಿಲ್ಲ. ಜಿಲ್ಲೆಯ ಇನ್ನೊಂದು ಹೊಳೆಯಾದ ಮೋಸಮ್ ನದಿಯ ದಂಡೆಯಲ್ಲಿ ಮಾಲೇಗಾವದ ನೆಲಗೋಟೆಯಿದೆ. ಅದನ್ನು ಕಟ್ಟಿಸಿದವನೂ ನಾರೋಶಂಕರನೇ. ೧೮೧೮ರಲ್ಲಿ ಅದರೊಳಗಿನ ಅರಬ್ ಕಾವಲುಪಡೆ ಬ್ರಿಟಿಷರಿಗೆ ಸುಲಭವಾಗಿ ಬಗ್ಗಲಿಲ್ಲ. ಅದೇ ವರ್ಷ, ಅದೇ ಯುದ್ಧದಲ್ಲಿ, ಥಾಮಸ್ ಮನ್ರೋ ಬಾದಾಮಿಯನ್ನೂ ಬೆಳಗಾವಿಯನ್ನೂ ಹಿಡಿದ. ನಾವು ಬಾದಾಮಿಯ ಪತನವನ್ನು ಕರ್ನಾಟಕದ ಇತಿಹಾಸದಲ್ಲಿಯೂ ಮಾಲೇಗಾವದ ಪತನವನ್ನು ಮಹಾರಾಷ್ಟ್ರದ ಇತಿಹಾಸದಲ್ಲಿಯೂ ಓದುತ್ತೇವೆ. ಗುಂಡು ಹಾರಿಸಿದವರಿಗೆ ಅದು ಒಂದೇ ದಂಡಯಾತ್ರೆಯಾಗಿತ್ತು.

ಊರ ಹೊರಗಿನ ಪಾಂಡವ ಲೇಣಿಗಳು ಕೋಟೆಯಲ್ಲವಾದರೂ ಅಲ್ಲಿಗೆ ಹೋಗದೆ ಕನ್ನಡದ ಪ್ರವಾಸಿ ಮುಂದುವರಿಯುವಂತಿಲ್ಲ. ಮೂರನೆಯ ಗುಹೆಯಲ್ಲಿ ಗೌತಮೀಪುತ್ರ ಶಾತಕರ್ಣಿಯು ತನ್ನ ಆಳ್ವಿಕೆಯ ೧೮ನೆಯ ವರ್ಷದಲ್ಲಿ ಗೋವರ್ಧನದ ಅಮಾತ್ಯನಿಗೆ ಕಳುಹಿಸಿದ ಆಜ್ಞೆಯು ಕಲ್ಲಿನಲ್ಲಿದೆ. ಪ್ರಾಕೃತದ ಆ ಶಾಸನದಲ್ಲಿ, ಆಜ್ಞೆ ಹೊರಟ ಸೇನಾಶಿಬಿರವನ್ನು ಹೇಳುವ ಮಾತಿನೊಳಗೆ 'ವೇಜಯಂತಿ' ಎಂಬ ಪದ ಬರುತ್ತದೆ. ವೈಜಯಂತಿ ಎಂದರೆ ಬನವಾಸಿ. ಆದ್ದರಿಂದ ಶಾತಕರ್ಣಿಯ ದಂಡು ಆಗ ಬನವಾಸಿಯಲ್ಲಿತ್ತು ಎಂದು ಕೆಲವು ವಿದ್ವಾಂಸರು ಓದಿದರು. ಊರಿನ ಹೆಸರೇನೂ ಅಲ್ಲ, ಸೇನೆಗೆ ಜಯಶಾಲಿ ಎಂಬ ವಿಶೇಷಣವಷ್ಟೇ ಎಂದು ಮತ್ತೆ ಕೆಲವರು ಓದಿದರು. ಬಂಡೆಯ ಮುಂದೆ ನಿಂತ ಪ್ರವಾಸಿಯ ಮನಸ್ಸು ಮೊದಲನೆಯ ಅರ್ಥದ ಕಡೆಗೆ ಜಗ್ಗುತ್ತದೆ. ಪಂಪನ ಬನವಾಸಿಯು ಪಂಪನಿಗಿಂತ ಎಂಟು ಶತಮಾನಗಳ ಹಿಂದೆಯೇ ಗೋದಾವರಿಯ ದಡದಲ್ಲಿ ಕೊರೆಯಲ್ಪಟ್ಟಿದೆ ಎಂದರೆ ಯಾರಿಗೆ ಹಿತವಾಗದು! ಹಾಗೆ ಜಗ್ಗುವುದು ಮನಸ್ಸಿನ ಧರ್ಮ. ಅದಕ್ಕೆ ಸೋತು ಅಡಿಟಿಪ್ಪಣಿಯಲ್ಲಿ ಎರಡನೆಯ ಅರ್ಥವನ್ನು ಬಿಟ್ಟುಬಿಡುವುದು ಮಾತ್ರ ಸಂಶೋಧಕನ ಧರ್ಮವಲ್ಲ.

ಇಂಥದೇ ಇನ್ನೊಂದು ಪರೀಕ್ಷೆ ನಾಸಿಕ ಜಿಲ್ಲೆಯ ವಣಿ ಎಂಬ ಊರಿನ ಬಳಿ ಕಾದಿರುತ್ತದೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಪಟಗಳು ವಣಿಯಲ್ಲಿ ದೊರೆತವು. ಅವು ಮಯೂರಖಂಡಿಯಿಂದ ಹೊರಟವು. ಸಪ್ತಶೃಂಗಿ ದೇವಿಯ ಬೆಟ್ಟಕ್ಕೆ ಎದುರಾಗಿ ನಿಂತ ಮಾರ್ಕಿಂಡಾ ಎಂಬ ಗಿರಿದುರ್ಗವೇ ಮಯೂರಖಂಡಿ ಎಂದು ಬ್ಯೂಲರ್ ಗುರುತಿಸಿದರು. ಮಾರ್ಕಂಡೇಯ ಋಷಿಯು ಈ ಬೆಟ್ಟದ ಮೇಲೆ ಕುಳಿತು ಪುರಾಣ ಹೇಳಿದನೆಂದೂ ಎದುರು ಬೆಟ್ಟದ ದೇವಿಯು ತಲೆಯನ್ನು ತುಸು ವಾಲಿಸಿ ಅದನ್ನು ಕೇಳಿದಳೆಂದೂ ಭಕ್ತರ ನಂಬಿಕೆ. ದೇವಿಯ ಮೂರ್ತಿಯ ತಲೆ ಇಂದಿಗೂ ವಾಲಿಕೊಂಡೇ ಇದೆ. ಕಡಿದಾದ ದಾರಿಯನ್ನು ಹತ್ತಿ ಮೇಲೆ ಹೋದರೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳೂ ಬೀಸುವ ಗಾಳಿಯೂ ಸಿಗುತ್ತವೆ; ಮಾನ್ಯಖೇಟಕ್ಕೆ ಮೊದಲಿನ ರಾಷ್ಟ್ರಕೂಟರ ನೆಲೆವೀಡು ಎಂದು ಹೇಳಿಸಿಕೊಳ್ಳುವಷ್ಟು ಅವಶೇಷ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣದ ಹತ್ತಿರ ಮೋರಖಂಡಿ ಎಂಬ ಊರಿದೆ. ಮಯೂರಖಂಡಿ ಅದೇ ಎಂದು ಕರ್ನಾಟಕದ ಹಲವು ವಿದ್ವಾಂಸರು ವಾದಿಸಿದರು. ವಿನೋದವನ್ನು ಗಮನಿಸಬೇಕು. ಕನ್ನಡ ನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು ತೋರಿಸುವಾಗ ನಮಗೆ ನಾಸಿಕದ ಬೆಟ್ಟ ಬೇಕಾಗುತ್ತದೆ; ರಾಜಧಾನಿ ನಮ್ಮ ಮಣ್ಣಿನಲ್ಲಿಯೇ ಇತ್ತೆಂದು ತೋರಿಸುವಾಗ ಬೀದರದ ಹಳ್ಳಿ ಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ.

ನಾಸಿಕವನ್ನು ಬಿಟ್ಟು ಮೂಡಣಕ್ಕೆ ಹೊರಟರೆ ಸಿನ್ನರ ಬರುತ್ತದೆ. ಸೇವುಣರ ಹಳೆಯ ನೆಲೆಗಳಲ್ಲಿ ಇದು ಒಂದು; ಗೊಂದೇಶ್ವರ ದೇವಾಲಯವು ಊರಿನ ಅಂಚಿನಲ್ಲಿ ಪಂಚಾಯತನದ ಪೂರ್ಣ ರೂಪದಲ್ಲಿ ಉಳಿದಿದೆ. ಈ ವಂಶದವರು ಮೊದಲು ರಾಷ್ಟ್ರಕೂಟರಿಗೂ ಬಳಿಕ ಕಲ್ಯಾಣದ ಚಾಳುಕ್ಯರಿಗೂ ಸಾಮಂತರಾಗಿ, ಅವರ ಮನೆಗಳಿಗೆ ಹೆಣ್ಣು ಕೊಟ್ಟು ತಂದು, ಬಲಿತವರು. ಧಾಡಿಯಪ್ಪ, ರಾಜುಗಿ, ವದ್ದಿಗ, ವೇಸುಗಿ ಎಂಬ ಅವರ ಮೊದಮೊದಲ ಹೆಸರುಗಳನ್ನು ಕನ್ನಡದವರು ಓದಿದರೆ ನೆರೆಮನೆಯವರ ಹೆಸರನ್ನು ಓದಿದಂತಾಗುತ್ತದೆ. ಹೆಸರಿನ ಮೋಹ ಅಲ್ಲಿಗೇ ನಿಲ್ಲುವುದಿಲ್ಲ. ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ದೇವನಾಗರಿ ಅಕ್ಷರಗಳಲ್ಲಿ 'ಕನ್ನಡ' ಎಂಬ ಫಲಕ ಹೊತ್ತ ಬಸ್ಸು ಬಂದು ನಿಲ್ಲುತ್ತದೆ. ಅದು ಜಿಲ್ಲೆಯ ಒಂದು ತಾಲೂಕಿನ ಹೆಸರು. ಚಾಳೀಸಗಾವದ ಕಡೆಗೆ ಹೋಗುವ ಘಟ್ಟಕ್ಕೂ ಅದೇ ಹೆಸರು. ಪೀತಳಖೋರೆಯ ಗುಹೆಗಳೂ ಅಂತೂರಿನ ಕೋಟೆಯೂ ಆ ತಾಲೂಕಿನಲ್ಲಿವೆ. ಮೊದಲ ಸಲ ಈ ಫಲಕವನ್ನು ಕಂಡ ಕನ್ನಡದ ಪ್ರವಾಸಿ ತಾನು ಹೋಗಬೇಕಾದ ಬಸ್ಸನ್ನು ಮರೆತು ಅದನ್ನೇ ನೋಡುತ್ತ ನಿಲ್ಲುತ್ತಾನೆ. ಪಕ್ಕದವರನ್ನು ಕೇಳಿದರೆ, "ಕನ್ನಡಲಾ ಜಾಯಚಂ ಕಾ, ಕಾಕಾ?" ಎಂದು ಸೌಜನ್ಯದಿಂದ ವಿಚಾರಿಸಿ ಜಾಗ ತೋರಿಸುತ್ತಾರೆ. ಅವರಿಗೆ ಅದು ಹತ್ತಿ, ಮೆಕ್ಕೆಜೋಳ ಬೆಳೆಯುವ ಒಂದು ಊರು. ಊರಹೆಸರೊಂದನ್ನೇ ಅಡಿಗಲ್ಲಾಗಿಟ್ಟು ಅದರ ಮೇಲೆ ಕೋಟೆ ಕಟ್ಟುವ ಆಸೆಯನ್ನು ಅಲ್ಲಿಯೇ ಬಸ್ಸಿಗೆ ಹತ್ತಿಸಿ ಕಳುಹಿಸುವುದು ಲೇಸು.

ದೇವಗಿರಿಯು ನಗರದಿಂದ ವೇರೂಳದ ದಾರಿಯಲ್ಲಿ ಹದಿನೈದು ಕಿಲೋಮೀಟರಿನಷ್ಟು ದೂರ. ಬಯಲಿನಲ್ಲಿ ಒಂಟಿಯಾಗಿ ಎದ್ದ ಶಂಕುವಿನಾಕಾರದ ಗುಡ್ಡ. ಎತ್ತರ ಸುಮಾರು ೨೦೦ ಮೀಟರ್. ಅದರ ತಳವನ್ನು ಸುತ್ತಲೂ ಸುಮಾರು ೫೦ ಮೀಟರ್ ಎತ್ತರದವರೆಗೆ ಗೋಡೆಯಂತೆ ನೆಟ್ಟಗೆ ಕಡಿದಿದ್ದಾರೆ. ಉಡ ಕೂಡ ಹತ್ತದಂತಹ ನುಣುಪು. ಅದರ ಬುಡದಲ್ಲಿ ಬಂಡೆಯಲ್ಲಿಯೇ ತೋಡಿದ ಆಳವಾದ ಕಂದಕ. ಕಂದಕದ ಹೊರಗೆ ಒಂದರ ಹೊರಗೊಂದರಂತೆ ಕಾಳಾಕೋಟ, ಮಹಾಕೋಟ, ಅಂಬರಕೋಟಗಳೆಂಬ ಸುತ್ತುಗೋಡೆಗಳು. ಬೇರೆ ಕೋಟೆಗಳಲ್ಲಿ ಗುಡ್ಡದ ಮೇಲೆ ಗೋಡೆ ಕಟ್ಟುತ್ತಾರೆ. ಇಲ್ಲಿ ಗುಡ್ಡವನ್ನೇ ಕೆತ್ತಿ ಕೋಟೆ ಮಾಡಿದ್ದಾರೆ. ಗುಡ್ಡದಲ್ಲಿ ದೇಗುಲವನ್ನು ಕಂಡು ಅದನ್ನು ಮೇಲಿನಿಂದ ಕೆಳಕ್ಕೆ ಬಿಡಿಸಿ ತೆಗೆದ ವೇರೂಳದ ಕಲ್ಲುಕುಟಿಗರ ನೆರೆಯಲ್ಲಿಯೇ ಇದು ನಡೆದಿದೆ. ಒಂದೇ ಬಗೆಯ ಕಲ್ಲು, ಒಂದೇ ಬಗೆಯ ಕೈಗಾರಿಕೆ. ಅಲ್ಲಿ ಭಕ್ತಿಗಾಗಿ, ಇಲ್ಲಿ ಭಯಕ್ಕಾಗಿ.

ಕಂದಕವನ್ನು ದಾಟಿದ ಬಳಿಕ 'ಅಂಧೇರಿ' ಎಂಬ ಸುರಂಗದ ದಾರಿ ಬರುತ್ತದೆ. ಹೆಸರೇ ಹೇಳುವಂತೆ ಹಗಲಿನಲ್ಲಿಯೂ ಕಗ್ಗತ್ತಲೆ, ಬಾವಲಿಗಳ ವಾಸನೆ, ಒಂದೊಂದು ಮೆಟ್ಟಿಲೂ ಬೇರೆ ಬೇರೆ ಎತ್ತರ. ಶತ್ರುವಿನ ಹೆಜ್ಜೆ ತಪ್ಪಲೆಂದೇ ಹಾಗೆ ಮಾಡಿದ್ದಾರೆಂದು ಮಾರ್ಗದರ್ಶಿಯು ವಿವರಿಸುತ್ತಾನೆ. ತಿರುವಿನಲ್ಲಿ ದೀಪ ಆರಿಸಿ, "ಈಗ ಎಡಕ್ಕೋ ಬಲಕ್ಕೋ, ಹೇಳಿ ಸಾಹೇಬ" ಎಂದು ಪ್ರವಾಸಿಗರನ್ನು ಕೇಳುವುದು ಅವನ ನಿತ್ಯದ ಆಟ. ಯಾವ ಕಡೆ ಹೇಳಿದರೂ ಅದು ಕಂದಕಕ್ಕೆ ಬೀಳುವ ದಾರಿ ಎಂದು ಅವನು ನಗುತ್ತಾನೆ. ಸುರಂಗದ ಕೊನೆಯ ಬಾಯಿಯನ್ನು ಕಬ್ಬಿಣದ ಮುಚ್ಚಳದಿಂದ ಮುಚ್ಚಿ, ಅದರ ಮೇಲೆ ಬೆಂಕಿ ಹಾಕಿ, ಒಳಗಿದ್ದವರನ್ನು ಹೊಗೆಯಲ್ಲಿಯೇ ಮುಗಿಸುವ ವ್ಯವಸ್ಥೆಯೂ ಇತ್ತು. ಇಷ್ಟೆಲ್ಲ ಕಂಡು ಹೊರಬೆಳಕಿಗೆ ಬಂದ ಪ್ರವಾಸಿಗೆ ಉಳಿಯುವ ಪ್ರಶ್ನೆ ಒಂದೇ: ಇಂಥ ಕೋಟೆ ಬಿದ್ದದ್ದು ಹೇಗೆ?

ಅದಕ್ಕೆ ಮೊದಲು ಇದನ್ನು ಕಟ್ಟಿದವರ ಮಾತು. ಕಲ್ಯಾಣದ ಚಾಳುಕ್ಯರ ಬಲ ಕುಂದಿದಾಗ ಐದನೆಯ ಭಿಲ್ಲಮನು ೧೧೮೭ರ ಸುಮಾರಿಗೆ ಸ್ವತಂತ್ರನಾಗಿ ದೇವಗಿರಿಯನ್ನು ರಾಜಧಾನಿಯಾಗಿಸಿಕೊಂಡನು. ಕೆಲವೇ ವರ್ಷಗಳಲ್ಲಿ ಸೊರಟೂರು, ಲಕ್ಕುಂಡಿಗಳ ನೆಲದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ಮುಂದೆ ಸೋತನು. ಅವನ ಮೊಮ್ಮಗ ಸಿಂಘಣನ ಕಾಲಕ್ಕೆ ಆ ಸೋಲಿನ ಲೆಕ್ಕ ತೀರಿ, ಕೃಷ್ಣೆಯ ತೆಂಕಣಕ್ಕೂ ಸೇವುಣರ ಆಳ್ವಿಕೆ ಹರಡಿತು.

ಶ್ರೀನಿವಾಸ ರಿತ್ತಿಯವರು ಸೇವುಣರನ್ನು ಕುರಿತು ಧಾರವಾಡದಿಂದ ೧೯೭೩ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿ ಬಂದವನಿಗೆ ಗೊತ್ತಿರುತ್ತದೆ: ಈ ವಂಶದ ಐನೂರರಷ್ಟು ಶಾಸನಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನವು ಕನ್ನಡದವು. ಮಹಾದೇವನ ಅಣ್ಣ ಕೃಷ್ಣನನ್ನು ನಮ್ಮ ಶಾಸನಗಳು 'ಕನ್ನರ' ಎಂದೇ ಕರೆದವು. ಈ ಸಂಖ್ಯೆಯನ್ನು ಭಾಷಣಗಳಲ್ಲಿ ಹೇಳಿದಾಗ ಚಪ್ಪಾಳೆ ಬೀಳುತ್ತದೆ. ಆದರೆ ದೇವಗಿರಿಯ ನೆತ್ತಿಯಲ್ಲಿ ನಿಂತು ಅದೇ ಸಂಖ್ಯೆಯನ್ನು ನೆನೆದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಆ ಶಾಸನಗಳು ಎಲ್ಲಿವೆ? ಬಹುಪಾಲು ಇಂದಿನ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿವೆ. ಅರಸನು ಕನ್ನಡಿಗರೊಡನೆ ಕನ್ನಡದಲ್ಲಿ ಮಾತಾಡಿದನು. ಪಂಢರಪುರದ ಗುಡಿಗೆ ಕಾಣಿಕೆ ಕೊಟ್ಟವರ ಹೆಸರುಗಳನ್ನು ೧೨೭೩ರಿಂದ ೧೨೭೭ರವರೆಗೆ ಕಲ್ಲಿನಲ್ಲಿ ಬರೆಸುವಾಗ ಅದೇ ರಾಮಚಂದ್ರನ ಆಳ್ವಿಕೆಯು ಮರಾಠಿಯನ್ನು ಬಳಸಿತು. ಜ್ಞಾನೇಶ್ವರನು ೧೨೯೦ರಲ್ಲಿ ನೇವಾಸೆಯಲ್ಲಿ ಗೀತೆಯ ಮೇಲಣ ತನ್ನ ಮರಾಠಿ ಟೀಕೆಯನ್ನು ಮುಗಿಸಿದಾಗ ಆ ರಾಮಚಂದ್ರನ ಹೆಸರನ್ನೇ ನೆನೆದನು. ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ಸಂಸ್ಕೃತದಲ್ಲಿ ಬರೆದನು. ಅವನ ಹಿರಿಯರು ಕಾಶ್ಮೀರದಿಂದ ಬಂದವರು. ಸೇವುಣರು ಕನ್ನಡಿಗರೇ ಮರಾಠಿಗರೇ ಎಂದು ಕೇಳುವವರು ಈ ಕೋಟೆಯ ಒಂದು ಬಾಗಿಲಿನಿಂದ ಮಾತ್ರ ಒಳಗೆ ಬಂದವರು. ಅವರ ಶಾಸನಗಳ ಲೆಕ್ಕ ನಿಜ, ಅವರ ಹೆಸರುಗಳ ಕನ್ನಡತನವೂ ನಿಜ. ಅವರ ನೆರಳಿನಲ್ಲಿ ಮರಾಠಿಯು ತನ್ನ ಮೊದಲ ದೊಡ್ಡ ಕಾವ್ಯಗಳನ್ನು ಪಡೆಯಿತೆಂಬುದು ಅಷ್ಟೇ ನಿಜ. ಇದನ್ನು ಹೇಳಲು ನಾವು ಹಿಂದೆಮುಂದೆ ನೋಡಿದರೆ ಕವಿರಾಜಮಾರ್ಗದ ವಿದ್ಯಾರ್ಥಿಗಳೆಂದು ಕರೆಸಿಕೊಳ್ಳುವುದು ಕಷ್ಟ. ಆ ಗ್ರಂಥವೂ ಹೊರಮೇರೆಯನ್ನು ಒಮ್ಮೆ ಹೇಳಿ, ತಿರುಳ್ಗನ್ನಡದ ನೆಲೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಬೇರೆಯಾಗಿಯೇ ಗುರುತಿಸಿದೆ.

ಇನ್ನು ಪತನದ ಪ್ರಶ್ನೆ. ೧೨೯೬ರಲ್ಲಿ ಅಲ್ಲಾವುದ್ದೀನ ಖಲ್ಜಿಯು ಅನಿರೀಕ್ಷಿತವಾಗಿ ದೇವಗಿರಿಯ ಮೇಲೆರಗಿದಾಗ ರಾಮಚಂದ್ರನ ಮುಖ್ಯ ಸೈನ್ಯವು ರಾಜಕುಮಾರನೊಡನೆ ದೂರ ಹೋಗಿತ್ತು. ಅರಸನು ಕೋಟೆಯೊಳಗೆ ಸೇರಿಕೊಂಡನು. ಅವಸರದಲ್ಲಿ ಒಳಗೆ ಸಾಗಿಸಿದ ಚೀಲಗಳನ್ನು ಬಿಚ್ಚಿ ನೋಡಿದರೆ ಅವುಗಳಲ್ಲಿ ದವಸದ ಬದಲು ಉಪ್ಪು ಇತ್ತೆಂದು ಫಿರಿಸ್ತಾ ಮುಂತಾದವರು ಹೇಳಿದ ಕಥೆಯನ್ನು ಮಾರ್ಗದರ್ಶಿಗಳು ಇಂದಿಗೂ ಹೇಳುತ್ತಾರೆ. ಕಥೆ ಎಷ್ಟು ನಿಜವೋ ಏನೋ, ಅದರ ಹಿಂದಿನ ಮಾತು ನಿಜ: ನೆಟ್ಟಗೆ ಕಡಿದ ಬಂಡೆಯನ್ನು ಯಾರೂ ಹತ್ತಲಿಲ್ಲ, ಅಂಧೇರಿಯಲ್ಲಿ ಯಾರೂ ಹೊಗೆ ಕುಡಿದು ಸಾಯಲಿಲ್ಲ, ಕೋಟೆಯು ತನ್ನ ಕಲ್ಲಿನ ಯಾವ ಪರೀಕ್ಷೆಗೂ ಗುರಿಯಾಗದೆಯೇ ಸೋತಿತು. ಹನ್ನೊಂದು ವರ್ಷಗಳ ಬಳಿಕ ಮಲಿಕ್ ಕಾಫೂರನು ರಾಮಚಂದ್ರನನ್ನು ದೆಹಲಿಗೆ ಕೊಂಡೊಯ್ದನು. ಸುಲ್ತಾನನು ಬಿರುದು ಕೊಟ್ಟು ಹಿಂದಕ್ಕೆ ಕಳುಹಿಸಿದನು. ೧೩೧೧ರಲ್ಲಿ ಅದೇ ಕಾಫೂರನು ದೋರಸಮುದ್ರದ ಮೇಲೆ ದಂಡೆತ್ತಿ ಹೋಗುವಾಗ ದಾರಿಯಲ್ಲಿ ಬೀಡುಬಿಟ್ಟದ್ದು ದೇವಗಿರಿಯಲ್ಲಿ; ದಂಡಿಗೆ ಬೇಕಾದುದನ್ನು ಒದಗಿಸಿದವನು ರಾಮಚಂದ್ರ. ನಮ್ಮ ಪಠ್ಯಗಳಲ್ಲಿ ಹಳೇಬೀಡಿನ ಸೂರೆಯು ಹೊಯ್ಸಳರ ಅಧ್ಯಾಯದ ಕೊನೆಗೆ ಬರುತ್ತದೆ, ದೇವಗಿರಿಯ ಪತನ ಸೇವುಣರ ಅಧ್ಯಾಯದ ಕೊನೆಗೆ. ನೂರಿಪ್ಪತ್ತು ವರ್ಷ ಸೊರಟೂರಿನ ಬಯಲಿಗಾಗಿ ಕಾದಾಡಿದ ಎರಡು ಮನೆಗಳಲ್ಲಿ ಒಂದು ಇನ್ನೊಂದನ್ನು ಸುಡಲು ಬಂದವರಿಗೆ ಬುತ್ತಿ ಕಟ್ಟಿಕೊಟ್ಟಿತು ಎಂದು ಎರಡು ಅಧ್ಯಾಯಗಳನ್ನೂ ಕೂಡಿಸಿ ಓದಿದಾಗಲೇ ಗೊತ್ತಾಗುವುದು. ಕನ್ನಡದ ಪ್ರವಾಸಿ ದೇವಗಿರಿಯಲ್ಲಿ ನಿಂತು ದುಃಖಪಡಬೇಕಾದ ಸ್ಥಳವೊಂದಿದ್ದರೆ ಇದು.

ಮುಂದಿನದು ಬೇಗ ಹೇಳಿ ಮುಗಿಸಬಹುದು. ೧೩೨೭ರಲ್ಲಿ ಮುಹಮ್ಮದ್ ತುಘಲಕನು ಇದನ್ನು ದೌಲತಾಬಾದ್ ಎಂದು ಕರೆದು ದೆಹಲಿಯ ಜನರನ್ನು ಇಲ್ಲಿಗೆ ಕರೆತಂದನು. ಇಬ್ನ್ ಬತೂತ ಎಂಬ ಯಾತ್ರಿಕನು ಈ ಕೋಟೆಯ ನೆಲಮಾಳಿಗೆಯ ಸೆರೆಯಲ್ಲಿ ಬೆಕ್ಕಿಗಿಂತ ದೊಡ್ಡ ಇಲಿಗಳಿವೆಯೆಂದು ಬರೆದಿಟ್ಟನು. ದೆಹಲಿಯಿಂದ ಬಂದವರಲ್ಲಿ ಒಬ್ಬ ಸೂಫಿಯು ಹತ್ತಿರದ ಖುಲ್ದಾಬಾದಿನಲ್ಲಿ ಸಮಾಧಿಯಾದನು. ಆತನ ಮಗ ಬಾಲ್ಯವನ್ನು ಇಲ್ಲಿ ಕಳೆದು, ದೆಹಲಿಗೆ ಮರಳಿ, ಮುಪ್ಪಿನಲ್ಲಿ ಕಲಬುರಗಿಗೆ ಬಂದನು. ಅವನೇ ನಮ್ಮ ಬಂದೇನವಾಜ. ಕಲಬುರಗಿಯ ಉರುಸಿಗೆ ಹೋಗುವ ಲಕ್ಷ ಜನರಲ್ಲಿ ಅವನ ತಂದೆಯ ಗೋರಿ ದೇವಗಿರಿಯ ಮಗ್ಗುಲಲ್ಲಿದೆಯೆಂದು ಬಲ್ಲವರು ಎಷ್ಟು ಮಂದಿಯೋ. ಬಹಮನಿ ರಾಜ್ಯವೂ ೧೩೪೭ರಲ್ಲಿ ಹುಟ್ಟಿದ್ದು ಈ ಕೋಟೆಯಲ್ಲಿಯೇ. ಹುಟ್ಟಿದ ಮೇಲೆ ಕಲಬುರಗಿಗೆ ಹೋಯಿತು. ಹಾದಿಯ ಬದಿಯ ಎತ್ತರದ ಚಾಂದ್ ಮಿನಾರನ್ನು ಕಟ್ಟಿಸಿದವನು ಬೀದರದಿಂದ ಆಳಿದ ಬಹಮನಿ ಸುಲ್ತಾನ. ಗೋಳಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನನು ೧೬೮೭ರ ನಂತರ ಸೆರೆಯಲ್ಲಿ ದಿನ ನೂಕಿದ ಚೀನೀ ಮಹಲಿನ ಗೋಡೆಯಲ್ಲಿ ನೀಲಿ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ.

ವೇರೂಳದ ಕೈಲಾಸವನ್ನು ಕುರಿತು ಇಲ್ಲಿ ಹೇಳಹೊರಟರೆ ಅದು ಬೇರೆಯೇ ಲೇಖನವಾಗುತ್ತದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಆ ದೇಗುಲದ ಮುಂದೆ ಪಟ್ಟದಕಲ್ಲಿನ ವಿರೂಪಾಕ್ಷವನ್ನು ನೋಡಿದವರಿಗೆ ಗುರುತಿನವರು ಸಿಕ್ಕಂತಾಗುತ್ತದೆ ಎಂದರೆ ಸಾಕು. ಪ್ರವಾಸಿಗರ ಗುಂಪು ಅಲ್ಲಿಂದಲೇ ಹಿಂದಿರುಗುತ್ತದೆ. ಇನ್ನೂ ಒಂದು ಮೈಲಿ ಬಡಗಣಕ್ಕೆ ಜೈನ ಗುಹೆಗಳಿಗೆ ಹೋದವನು ಜಗನ್ನಾಥ ಸಭೆಯೆಂಬ ಗುಹೆಯ ಕಂಬಗಳನ್ನು ದೀಪ ಹಿಡಿದು ನೋಡಬೇಕು. ಅಲ್ಲಿ ಹಳಗನ್ನಡ ಲಿಪಿಯ ಸವೆದ ಬರಹಗಳಿವೆಯೆಂದು ಬರ್ಜೆಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಅವು ಅರಸರ ದಾನಶಾಸನಗಳಲ್ಲ. ಕವಿರಾಜಮಾರ್ಗದ ಕಾಲಕ್ಕೆ ಹತ್ತಿರದ ಆ ಅಕ್ಷರಗಳು ಕೈಗೆ ತಣ್ಣಗೆ ತಾಗುತ್ತವೆ, ಓದಲು ಬರುವುದಿಲ್ಲ.

ದೇವಗಿರಿಯ ಮೇಲೆ ಜನಾರ್ದನಸ್ವಾಮಿಯ ನೆನಪಿನ ಸ್ಥಳವೊಂದಿದೆ. ನಿಜಾಮಶಾಹಿಯ ಕಾಲದಲ್ಲಿ ಅವನು ಇದರ ಕಿಲ್ಲೇದಾರ, ಜೊತೆಗೆ ಏಕನಾಥನ ಗುರು. ಹುಡುಗ ಏಕನಾಥನು ಪೈಠಣದಿಂದ ಇಲ್ಲಿಗೆ ನಡೆದು ಬಂದು ವಿದ್ಯೆ ಕಲಿತು ಹೋದನು. ಬಳಿಕ ಅವನು ಮಾಡಿದ ಒಂದು ಕೆಲಸವನ್ನು ಕನ್ನಡ ವಿಭಾಗದವರು ವಿಶೇಷವಾಗಿ ನೆನೆಯಬೇಕು. ೧೫೮೪ರಲ್ಲಿ ಅವನು ಜ್ಞಾನೇಶ್ವರಿಯ ಪ್ರತಿಗಳನ್ನು ಕೂಡಿಸಿ, ಪ್ರಕ್ಷಿಪ್ತಗಳನ್ನು ತೆಗೆದು, ಶುದ್ಧ ಪಾಠವನ್ನು ಸಿದ್ಧಪಡಿಸಿದನು. ಗ್ರಂಥಸಂಪಾದನೆಯ ಪಾಠವನ್ನು ನಾವು ಜರ್ಮನ್ ವಿದ್ವಾಂಸರಿಂದ ಆರಂಭಿಸುತ್ತೇವೆ. ಪೈಠಣದಿಂದ ಆರಂಭಿಸಿದರೂ ತಪ್ಪಾಗದು.

ಅದೇ ದಾರಿಯಲ್ಲಿ ತೆಂಕಣಕ್ಕೆ ಇಳಿದರೆ ಗೋದಾವರಿ ಮತ್ತೆ ಸಿಗುತ್ತದೆ. ಪೈಠಣದಲ್ಲಿ ಅದು ನಾಸಿಕದ ಕೂಸಲ್ಲ. ೧೯೭೬ರಲ್ಲಿ ಮುಗಿದ ಜಾಯಕವಾಡಿ ಅಣೆಕಟ್ಟಿನ ಹಿಂದೆ ನಾಥಸಾಗರವಾಗಿ ಕಣ್ಣು ಹಾಯುವಷ್ಟು ನೀರು ನಿಂತಿದೆ. ಪ್ರವಾಸಿಯು ಕಲ್ಪಿಸಿಕೊಂಡು ಬಂದಿದ್ದ ಮೇರೆಯಂತೆ ಕಾಣುವುದು ಇದೇ. ಅದನ್ನು ಮಾಡಿದವರು ನೀರಾವರಿ ಇಲಾಖೆಯವರು. ಶಾತವಾಹನರ ಪ್ರತಿಷ್ಠಾನ ಇದೇ ಊರು. ಹದಿಮೂರನೆಯ ಶತಮಾನದಲ್ಲಿ ಮಹಾನುಭಾವ ಪಂಥದ ಚಕ್ರಧರನು ಈ ದಂಡೆಯಲ್ಲಿ ತಿರುಗಾಡುತ್ತ, ಕನ್ನಡ ದೇಶಕ್ಕೂ ತೆಲುಗು ದೇಶಕ್ಕೂ ಹೋಗಬೇಡಿ, ಮಹಾರಾಷ್ಟ್ರದಲ್ಲಿಯೇ ಇರಿ ಎಂದು ಶಿಷ್ಯರಿಗೆ ವಿಧಿಸಿದನು. ಕವಿರಾಜಮಾರ್ಗಕ್ಕೂ ಈ ಮಾತಿಗೂ ನಾಲ್ಕು ಶತಮಾನಗಳ ಅಂತರ. ಅಷ್ಟರಲ್ಲಿ ಗೋದಾವರಿಯ ದಡದವನಿಗೆ ಕನ್ನಡ ದೇಶವು ಬೇರೆಡೆಯಾಗಿತ್ತು. ದೇವಗಿರಿಯ ಗದ್ದುಗೆಯ ಮೇಲೆ ಆಗ ಇದ್ದವರು ಕನ್ನಡದಲ್ಲಿ ಶಾಸನ ಬರೆಸುತ್ತಿದ್ದ ಸೇವುಣರೇ. ಅರಸರ ಮೇರೆಯೂ ನುಡಿಯ ಮೇರೆಯೂ ಒಂದೇ ಗೆರೆಯ ಮೇಲೆ ಓಡಲಿಲ್ಲ. ಚಕ್ರಧರನು ಹೀಗೆ ಗೆರೆ ಎಳೆದ ತಲೆಮಾರಿನ ಬೆನ್ನಿಗೇ ಜ್ಞಾನೇಶ್ವರನು ತನ್ನ ವಿಠ್ಠಲನನ್ನು ಕನ್ನಡಿಗನೆಂದು ಹಾಡಿದನು.

ಇದಕ್ಕೂ ಸಾವಿರ ವರ್ಷ ಹಿಂದೆ ಈ ಪ್ರತಿಷ್ಠಾನದ ಅರಸನಾದ ಹಾಲನ ಹೆಸರಿನಲ್ಲಿ ಸಂಕಲನಗೊಂಡ ಗಾಥಾಸಪ್ತಶತಿಯಲ್ಲಿ ಪ್ರಾಕೃತದ ನಡುವೆ ಪೊಟ್ಟ, ತುಪ್ಪ ಎಂಬಂಥ ಮಾತುಗಳು ಇಣುಕುತ್ತವೆ. ನಮ್ಮ ಭಾಷಾವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಅವನ್ನು ಬರೆದು ತೋರಿಸುತ್ತಾರೆ. ಅವು ಕೋಟೆಯ ಮರೆಯಲ್ಲಿ ಉಳಿದ ಪದಗಳಲ್ಲ, ಅಡುಗೆಮನೆಯವು. ನಾಥನ ಸಮಾಧಿಯಿಂದ ಪೇಟೆಯ ಕಡೆಗೆ ಬರುವಾಗ ಸಿಗುವ ಖಾನಾವಳಿಯಲ್ಲಿ ಕುಳಿತರೆ ಬಡಿಸುವಾಕೆ ತಟ್ಟೆಗೆ ಬಿಸಿ ಹೋಳಿಗೆ ಹಾಕುತ್ತಾಳೆ. ಅವಳದಕ್ಕೆ ಪುರಣಪೋಳಿ ಎನ್ನುತ್ತಾಳೆ. ಮತ್ತೆ ಒಳಗೆ ಹೋಗಿ, ಹಿತ್ತಾಳೆಯ ಚಿಕ್ಕ ಪಾತ್ರೆಯೊಂದನ್ನು ಹಿಡಿದು ಬಂದು, ಪ್ರವಾಸಿಯ ಎಲೆಯ ಮೇಲೆ ಅದನ್ನು ಬಾಗಿಸಿ, "ತೂಪ್?" ಎಂದು ಕೇಳುತ್ತಾಳೆ.